ಸುಡಾನ್: ರಸ್ತೆಯ ಆಚೆಗೂ ಈಚೆಗೂ ನಮ್ಮವರೇ

ಕಲ್ಯಾಣ ನಗರದ ನಮ್ಮ ಮದ್ರಸದಲ್ಲಿ ಕಳೆದ ವಾರ ಬೆಳಗ್ಗಿನ ತರಗತಿ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಹತ್ತಿರ ಬಂದು ಕೇಳಿದ: "ಉಸ್ತಾದ್, ಸುಡಾನ್‌ನಲ್ಲಿ ಯುದ್ಧ ಆಗ್ತಾ ಉಂಟಲ್ಲ, ಅದರಲ್ಲಿ ನಮ್ಮವರು ಯಾರು?"

ಮನೆಯಲ್ಲಿ ಯಾರದೋ ಮೊಬೈಲಿನಲ್ಲಿ ಅವನು ಒಂದು ವೀಡಿಯೊ ನೋಡಿದ್ದ. ರಸ್ತೆಯ ಒಂದು ಬದಿಯಲ್ಲಿ ಗೋಡೆಯ ಮರೆಗೆ ನಿಂತ ಸೈನಿಕರು ಎದುರಿನ ಕಟ್ಟಡದ ಕಡೆ ಗುಂಡು ಹಾರಿಸುತ್ತಾರೆ. ಎದುರು ಬದಿಯಿಂದಲೂ ಗುಂಡು ಬರುತ್ತದೆ. ಈ ಕಡೆಯವರೂ ತಕ್ಬೀರ್ ಹೇಳುತ್ತಾರೆ, ಆ ಕಡೆಯವರೂ ತಕ್ಬೀರ್ ಹೇಳುತ್ತಾರೆ. ಮಗುವಿಗೆ ಗೊಂದಲ ಆದದ್ದು ಅಲ್ಲಿ.

ನಾಳೆ ಹೇಳ್ತೇವೆ ಅಂತ ಅವನನ್ನು ಕಳಿಸಿದೆವು. ಫಲಸ್ತೀನ್ ಬಗ್ಗೆ ಈ ಪ್ರಶ್ನೆ ಬಂದಿದ್ದರೆ ಯಾವ ಉಸ್ತಾದರೂ ಒಂದು ಕ್ಷಣ ತಡೆಯುತ್ತಿರಲಿಲ್ಲ. ಸುಡಾನ್ ಅಂದಾಗ ನಮ್ಮ ನಾಲಿಗೆ ತಡೆಯಿತು. ಅಲ್ಲಿ ರಸ್ತೆಯ ಆಚೆಗೂ ಈಚೆಗೂ ನಿಂತವರು ನಮ್ಮವರೇ. ನಡುವೆ ಸಿಕ್ಕಿ ಸಾಯುವವರೂ ನಮ್ಮವರೇ. ಹಾಗಾಗಿಯೇ ಇರಬೇಕು, ನಮ್ಮ ಮನೆಗಳಲ್ಲಿ ಈ ಯುದ್ಧದ ಮಾತು ಅಪರೂಪ. 2023ರಿಂದ ಒಂದು ದೇಶ ಉರಿಯುತ್ತಿದೆ. ನಮಗೆ ಅದು ಮೊಬೈಲಿನಲ್ಲಿ ಬಂದು ಹೋಗುವ ವೀಡಿಯೊ ಮಾತ್ರ. ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕಾದರೆ ಮೊದಲು ನಾವು ವಿಷಯ ತಿಳಿದುಕೊಳ್ಳಬೇಕು.

ಜಗಳ ಎಲ್ಲಿಂದ ಶುರುವಾಯಿತು?

ಈ ಯುದ್ಧ ಧರ್ಮದ್ದಲ್ಲ. ಪತ್ರಿಕೆಗಳು ಕೆಲವೊಮ್ಮೆ ಬರೆಯುವ ಹಾಗೆ ಬರೀ ಬುಡಕಟ್ಟುಗಳ ಜಗಳವೂ ಅಲ್ಲ. ಇಬ್ಬರು ಜನರಲ್‌ಗಳ ಅಧಿಕಾರದ ಜಗಳ.

ಒಬ್ಬರು ಸೇನೆಯ ಮುಖ್ಯಸ್ಥ ಅಬ್ದುಲ್ ಫತ್ತಾಹ್ ಅಲ್ ಬುರ್ಹಾನ್. ಇನ್ನೊಬ್ಬರು ಅರೆಸೇನಾ ಪಡೆ ಆರ್‌ಎಸ್‌ಎಫ್‌ನ ಮುಖ್ಯಸ್ಥ ಮುಹಮ್ಮದ್ ಹಮ್ದಾನ್ ದಗಾಲೊ. ಜನ ಅವರನ್ನು 'ಹಮೇದ್ತಿ' ಎಂದು ಕರೆಯುತ್ತಾರೆ. ಮೊದಲು ಒಂಟೆ ವ್ಯಾಪಾರ ಮಾಡುತ್ತಿದ್ದ ಮನುಷ್ಯ. 2003ರಲ್ಲಿ ದಾರ್ಫುರ್‌ನಲ್ಲಿ ಬಂಡಾಯ ಎದ್ದಾಗ ಅದನ್ನು ಅಡಗಿಸಲು ಅಧ್ಯಕ್ಷ ಉಮರ್ ಅಲ್ ಬಶೀರ್ ಸರಕಾರ ಜಂಜವೀದ್ ಎಂಬ ಸವಾರರ ಗುಂಪುಗಳ ಕೈಗೆ ಬಂದೂಕು ಕೊಟ್ಟಿತು. ಊರುಗಳು ಸುಟ್ಟುಹೋದವು, ಲಕ್ಷಾಂತರ ಜನ ಮನೆ ಬಿಟ್ಟರು. ಅದೇ ಗುಂಪುಗಳಿಗೆ 2013ರಲ್ಲಿ ಸಮವಸ್ತ್ರ ಹಾಕಿಸಿ ಆರ್‌ಎಸ್‌ಎಫ್ ಎಂದು ಹೆಸರಿಟ್ಟರು. ಅಂದರೆ ಇವತ್ತು ಸೇನೆಯ ಎದುರು ನಿಂತಿರುವ ಪಡೆಯನ್ನು ಸಾಕಿದ್ದು ಅದೇ ಸರಕಾರ, ಅದೇ ಸೇನೆ.

ರೊಟ್ಟಿಯ ಬೆಲೆ ಏರಿದ್ದಕ್ಕೆ 2018ರ ಡಿಸೆಂಬರ್‌ನಲ್ಲಿ ಜನ ಬೀದಿಗೆ ಬಂದರು. 2019ರ ಏಪ್ರಿಲ್ 11ರಂದು ಬಶೀರರ 30 ವರ್ಷಗಳ ಆಡಳಿತ ಮುಗಿಯಿತು. ನಾಗರಿಕ ಸರಕಾರ ಬೇಕು ಎಂದು ಯುವಕರು, ಹೆಂಗಸರು ಸೇನಾ ಕಚೇರಿಯ ಎದುರು ಧರಣಿ ಕೂತರು. ಜೂನ್ 3ರಂದು, ಇನ್ನೇನು ಪೆರ್ನಾಲ್ ಬಂತು ಎನ್ನುವಾಗ, ಆ ಧರಣಿಯ ಮೇಲೆ ಗುಂಡು ಹಾರಿತು. ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಇಬ್ಬರು ಜನರಲ್‌ಗಳೂ ಒಂದೇ ಕಡೆ ಇದ್ದರು. 2021ರ ಅಕ್ಟೋಬರ್ 25ರಂದು ನಾಗರಿಕ ಸರಕಾರವನ್ನು ಉರುಳಿಸಿದಾಗಲೂ ಒಟ್ಟಿಗೇ ಇದ್ದರು.

ಜಗಳ ಬಂದದ್ದು ಪಾಲಿನ ವಿಷಯದಲ್ಲಿ. ಆರ್‌ಎಸ್‌ಎಫ್ ಅನ್ನು ಸೇನೆಯೊಳಗೆ ಸೇರಿಸಬೇಕು ಎಂಬ ಮಾತುಕತೆಯಲ್ಲಿ ಸೇನೆ ಎರಡು ವರ್ಷ ಸಾಕು ಅಂದಿತು, ಹಮೇದ್ತಿ ಹತ್ತು ವರ್ಷ ಬೇಕು ಅಂದರು. ತನ್ನ ಪಡೆ, ತನ್ನ ಚಿನ್ನದ ಗಣಿ, ತನ್ನ ವ್ಯವಹಾರ ಬಿಟ್ಟುಕೊಡಲು ಒಬ್ಬರಿಗೆ ಮನಸ್ಸಿಲ್ಲ. ಅಧಿಕಾರ ಹಂಚಿಕೊಳ್ಳಲು ಇನ್ನೊಬ್ಬರಿಗೆ ಮನಸ್ಸಿಲ್ಲ. 2023ರ ಏಪ್ರಿಲ್ 15, ರಮಝಾನ್ 24ರ ಶನಿವಾರ ಬೆಳಗ್ಗೆ ರಾಜಧಾನಿ ಖಾರ್ತೂಮ್‌ನಲ್ಲಿ ಗುಂಡಿನ ಸದ್ದು ಕೇಳಿತು. ಜನ ಆಗ ನೋಂಬಿನಲ್ಲಿದ್ದರು.

ಖಾರ್ತೂಮ್ ಅಂದರೆ ನೀಲಿ ನೈಲ್ ಮತ್ತು ಬಿಳಿ ನೈಲ್ ಸೇರುವ ಜಾಗದಲ್ಲಿರುವ ಮೂರು ನಗರಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಸೇತುವೆಗಳು. ಹಾಗಾಗಿ ಸೇತುವೆ, ರಸ್ತೆ, ತಿರುವು ಇವುಗಳಿಗಾಗಿಯೇ ಹೋರಾಟ. ಕಲ್ಯಾಣ ನಗರದವರಿಗೆ ಅರ್ಥ ಆಗಬೇಕಾದರೆ ಹೀಗೆ ಯೋಚಿಸಿ: ಔಟರ್ ರಿಂಗ್ ರೋಡಿನ ಎಚ್‌ಆರ್‌ಬಿಆರ್ ಲೇಔಟ್ ಬದಿಯಲ್ಲಿ ಒಂದು ಪಡೆ, ಬಾಬುಸಾಪಾಳ್ಯದ ಬದಿಯಲ್ಲಿ ಇನ್ನೊಂದು ಪಡೆ. ಮಗುವಿಗೆ ಜ್ವರ ಬಂದಿದೆ, ಆಸ್ಪತ್ರೆ ಆಚೆ ಬದಿಯಲ್ಲಿದೆ. ಹಾಲಿನ ಅಂಗಡಿ ಈಚೆ ಬದಿಯಲ್ಲಿದೆ, ಅದಕ್ಕೆ ಬೀಗ ಬಿದ್ದು ಹತ್ತು ದಿನ ಆಯಿತು. ದಾಟಿದರೆ ಗುಂಡು, ದಾಟದಿದ್ದರೆ ಹಸಿವು. ಖಾರ್ತೂಮ್‌ನ ಜನ ಬದುಕಿದ್ದು ಹೀಗೆ. ಸೇನೆ ಅಧ್ಯಕ್ಷರ ಅರಮನೆಯನ್ನು ಮತ್ತೆ ವಶಪಡಿಸಿಕೊಂಡದ್ದು 2025ರ ಮಾರ್ಚ್ 21ರಂದು, ಅಂದರೆ ಸುಮಾರು ಎರಡು ವರ್ಷ ಕಳೆದ ಮೇಲೆ. ಯುದ್ಧದ ಮೊದಲ 14 ತಿಂಗಳಲ್ಲಿ ಖಾರ್ತೂಮ್ ಪ್ರಾಂತದಲ್ಲಿ ಮಾತ್ರ 61,000ಕ್ಕೂ ಹೆಚ್ಚು ಜನ ಸತ್ತಿದ್ದಾರೆ ಎಂದು ಲಂಡನ್ನಿನ ಸಂಶೋಧಕರು ಅಂದಾಜು ಮಾಡಿದ್ದಾರೆ. ಅದರಲ್ಲಿ ಗುಂಡು, ಬಾಂಬಿಗೆ ನೇರವಾಗಿ ಬಲಿಯಾದವರು ಸುಮಾರು 26,000. ಉಳಿದವರನ್ನು ಕೊಂದದ್ದು ಕಾಯಿಲೆ, ಹಸಿವು, ಸಿಗದ ಔಷಧ.

ಹಕ್ಕಿಪಿಕ್ಕಿ ಕುಟುಂಬಗಳು ಕಂಡ ಯುದ್ಧ

ಸುಡಾನ್ ದೂರದ ದೇಶ, ನಮಗೇನು ಸಂಬಂಧ ಅನ್ನುವವರಿಗೆ 2023ರ ಏಪ್ರಿಲ್ ನೆನಪಿಸಬೇಕು. ರಾಜ್ಯದಲ್ಲಿ ವಿಧಾನಸಭೆ ಚುನಾವಣೆಯ ಗಲಾಟೆ ನಡೆಯುತ್ತಿತ್ತು. ಆಗ ಒಂದು ಸುದ್ದಿ ಬಂತು: ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಸುಡಾನ್‌ನಲ್ಲಿ ಸಿಕ್ಕಿಬಿದ್ದಿದ್ದಾರೆ, ಊಟ, ನೀರು ಇಲ್ಲ. 31 ಜನರ ಬಗ್ಗೆ ಆಗಿನ ವಿಪಕ್ಷ ನಾಯಕ ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿ ಉತ್ತರಿಸಿದರು. ಇಬ್ಬರ ವಾಗ್ವಾದ ದೊಡ್ಡ ಸುದ್ದಿಯಾಯಿತು. ಸಿಕ್ಕಿಬಿದ್ದವರು ಯಾಕೆ ಅಲ್ಲಿಗೆ ಹೋಗಿದ್ದರು ಎಂಬುದು ಅಷ್ಟು ಸುದ್ದಿಯಾಗಲಿಲ್ಲ.

ಹಕ್ಕಿಪಿಕ್ಕಿಗಳು ಹಿಂದೆ ಹಕ್ಕಿ ಹಿಡಿದು, ಬೇಟೆಯಾಡಿ ಬದುಕುತ್ತಿದ್ದ ಜನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ನಿಂತಿತು. ಗಿಡಮೂಲಿಕೆ ಎಣ್ಣೆ, ನಾಟಿ ಔಷಧ ಮಾರುವುದು ಶುರುವಾಯಿತು. ಔಷಧಕ್ಕೆ ದುಬಾರಿ ಬೆಲೆ ಇರುವ ಆಫ್ರಿಕಾದ ದೇಶಗಳಲ್ಲಿ ಅದಕ್ಕೆ ಗಿರಾಕಿ ಉಂಟು. ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಕಾಲನಿಗಳಿಂದ ಸಾಲ ಮಾಡಿ, ಟಿಕೆಟ್ ತೆಗೆದು ಹೋದವರು ಇವರು. ಹೊಟ್ಟೆಪಾಡಿಗೆ ಕಡಲು ದಾಟುವುದು ಏನು ಅಂತ ಬ್ಯಾರಿ ಮನೆಗಳಿಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮವರು ದುಬೈ, ದಮಾಮ್‌ಗೆ ಹೋದ ಹಾಗೆ ಅವರು ಸುಡಾನ್‌ಗೆ ಹೋಗಿದ್ದರು, ಅಷ್ಟೇ ವ್ಯತ್ಯಾಸ.

ಅವರಲ್ಲಿ ಹಲವರು ಇದ್ದದ್ದು ದಾರ್ಫುರ್‌ನ ಅಲ್ ಫಾಶಿರ್ ಎಂಬ ಊರಿನಲ್ಲಿ. ಈ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

ಭಾರತ ಸರಕಾರ 'ಆಪರೇಷನ್ ಕಾವೇರಿ' ಶುರುಮಾಡಿತು. ಐಎನ್‌ಎಸ್ ಸುಮೇಧಾ ಹಡಗು 278 ಜನರ ಮೊದಲ ತಂಡವನ್ನು ಪೋರ್ಟ್ ಸುಡಾನ್‌ನಿಂದ ಜಿದ್ದಾಕ್ಕೆ ಕರೆತಂತು. ಜಿದ್ದಾದ ಇಂಡಿಯನ್ ಸ್ಕೂಲ್‌ನಲ್ಲಿ ತಂಗಲು ವ್ಯವಸ್ಥೆ ಆಯಿತು. ಕರಾವಳಿಯ ಎಷ್ಟೋ ಮಕ್ಕಳು ಓದಿದ ಶಾಲೆ ಅದು. ಏಪ್ರಿಲ್ 28ರಂದು 362 ಜನರ ವಿಮಾನ ಬೆಂಗಳೂರಿಗೆ ಬಂತು, ಅದರಲ್ಲಿ ಹಕ್ಕಿಪಿಕ್ಕಿಗಳು ಇದ್ದರು. ಒಟ್ಟು 3,862 ಜನರನ್ನು ಸುಡಾನ್‌ನಿಂದ ಹೊರಗೆ ತಂದರು. ಎಲ್ಲರಿಗೂ ಆ ಭಾಗ್ಯ ಇರಲಿಲ್ಲ. ಖಾರ್ತೂಮ್‌ನಲ್ಲಿ ತನ್ನ ಮನೆಯೊಳಗೇ ಇದ್ದ ಕೇರಳದ ಒಬ್ಬರು ಎಲ್ಲಿಂದಲೋ ಬಂದ ಗುಂಡಿಗೆ ಬಲಿಯಾದರು.

ನಮ್ಮವರು ಬಂದರು, ಸುದ್ದಿ ಮುಗಿಯಿತು. ಆದರೆ ಸುಡಾನಿಗಳಿಗೆ ಹತ್ತಲು ಯಾವ ಹಡಗೂ ಇರಲಿಲ್ಲ.

ಇಫ್ತಾರ್‌ಗೆ ಬಸ್ ತಡೆಯುತ್ತಿದ್ದ ರಸ್ತೆ

ಕಲ್ಯಾಣ ನಗರ, ಕಮ್ಮನಹಳ್ಳಿ, ಹೆಣ್ಣೂರು ಕಡೆ ಆಫ್ರಿಕಾದ ವಿದ್ಯಾರ್ಥಿಗಳು ಬಹಳ. ಅವರಲ್ಲಿ ಸುಡಾನಿಗಳೂ ಇದ್ದಾರೆ. ಜುಮುಅ ದಿನ ಮಸೀದಿಯ ಹಿಂದಿನ ಸಾಲಿನಲ್ಲಿ ಎತ್ತರದ ಹುಡುಗರು ಬಂದು ನಿಲ್ಲುತ್ತಾರೆ, ನಮಾಝ್ ಆದ ಮೇಲೆ ಸಲಾಂ ಹೇಳಿ ಹೋಗುತ್ತಾರೆ. ನಾವು ಅಷ್ಟರಲ್ಲೇ ಬಿಟ್ಟಿದ್ದೆವು. ಕಳೆದ ರಮಝಾನಿನಲ್ಲಿ ಇಫ್ತಾರ್‌ಗೆ ಪಕ್ಕದಲ್ಲಿ ಕೂತ ಒಬ್ಬ ಹುಡುಗ ಅರಬಿ, ಇಂಗ್ಲಿಷ್ ಬೆರೆಸಿ ತನ್ನ ಊರಿನ ಕಥೆ ಹೇಳಿದ.

ಅವನ ಊರು ಜಝೀರಾ ಪ್ರಾಂತದಲ್ಲಿ, ಖಾರ್ತೂಮ್‌ನಿಂದ ವದ್ ಮದನಿಗೆ ಹೋಗುವ ಹೆದ್ದಾರಿಯ ಪಕ್ಕ. ರಮಝಾನಿನಲ್ಲಿ ಅಲ್ಲಿನವರು ಮನೆಯೊಳಗೆ ಕೂತು ನೋಂಬು ತುರಿಯುವುದಿಲ್ಲ. ರಸ್ತೆ ಬದಿಯಲ್ಲಿ ಚಾಪೆ ಹಾಸಿ, ಪ್ರತಿ ಮನೆಯಿಂದ ಊಟ ತಂದು ಇಡುತ್ತಾರೆ. ಮಗ್ರಿಬ್ ಹತ್ತಿರ ಆದಾಗ ಗಂಡಸರು ತಲೆಯ ರುಮಾಲು ಬಿಚ್ಚಿ ರಸ್ತೆಗೆ ಅಡ್ಡ ಹಿಡಿಯುತ್ತಾರೆ. ಬಸ್, ಲಾರಿ, ಕಾರು ಎಲ್ಲ ನಿಲ್ಲಬೇಕು. ಊಟ ಮಾಡದೆ ಯಾರನ್ನೂ ಮುಂದೆ ಬಿಡುವುದಿಲ್ಲ. ಹೆಸರು ಕೇಳುವುದಿಲ್ಲ, ಕುಲ ಕೇಳುವುದಿಲ್ಲ. ಇದು ಸುಡಾನ್‌ನ ಹೆಸರುವಾಸಿ ಸಂಪ್ರದಾಯ.

2023ರ ಡಿಸೆಂಬರ್‌ನಲ್ಲಿ ಆರ್‌ಎಸ್‌ಎಫ್ ವದ್ ಮದನಿಯನ್ನು ಹಿಡಿಯಿತು. ಆಮೇಲೆ ಅದೇ ರಸ್ತೆಯಲ್ಲಿ ಬಸ್ ನಿಲ್ಲಿಸಿದ್ದು ಬಂದೂಕು ಹಿಡಿದವರು. ಅವರು ಹೆಸರು ಕೇಳಿದರು, ಕುಲ ಕೇಳಿದರು, ಫೋನ್ ಕಿತ್ತುಕೊಂಡರು. ಊರು ಬಿಟ್ಟು ಹೊರಟ ತನ್ನ ಮನೆಯವರನ್ನು ಮೂರು ಕಡೆ ತಡೆದರು, ಮೂರನೇ ಕಡೆಯಲ್ಲಿ ತೆಗೆದುಕೊಳ್ಳಲು ಏನೂ ಉಳಿದಿರಲಿಲ್ಲ ಎಂದು ಹುಡುಗ ಹೇಳಿದ. 2024ರ ಜೂನ್ 5ರಂದು ಅದೇ ಪ್ರಾಂತದ ವದ್ ಅಲ್ ನೂರಾ ಹಳ್ಳಿಯಲ್ಲಿ ಆರ್‌ಎಸ್‌ಎಫ್ ದಾಳಿಗೆ ನೂರಕ್ಕೂ ಹೆಚ್ಚು ಜನ ಸತ್ತರು.

2025ರ ಜನವರಿಯಲ್ಲಿ ಸೇನೆ ಮದನಿಯನ್ನು ಮರಳಿ ಪಡೆದಾಗ ಜನ ಬೀದಿಗೆ ಬಂದು ಸಂಭ್ರಮಿಸಿದರು. ಆದರೆ ಅದೇ ದಿನಗಳಲ್ಲಿ, ನೀವು ಶತ್ರುವಿಗೆ ಸಹಾಯ ಮಾಡಿದ್ದೀರಿ ಎಂದು ಹೇಳಿ ಸೇನೆಯ ಜೊತೆಗಿದ್ದ ಪಡೆಗಳು ಬಡ ಕೂಲಿಗಳ ಬಿಡಾರಗಳಿಗೆ ನುಗ್ಗಿ ಕೊಂದವು. ಸೇನೆಯ ವಿಮಾನಗಳು ದಾರ್ಫುರ್‌ನ ಸಂತೆಗಳ ಮೇಲೆ ಬಾಂಬ್ ಹಾಕಿದ್ದೂ ಉಂಟು. 2024ರ ಡಿಸೆಂಬರ್‌ನಲ್ಲಿ ಕಬ್ಕಾಬಿಯಾ ಸಂತೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಎರಡೂ ಕಡೆಯ ತಪ್ಪು ಸಮ ಎಂದು ನಾವು ಹೇಳುತ್ತಿಲ್ಲ. ದಾರ್ಫುರ್‌ನಲ್ಲಿ ಆರ್‌ಎಸ್‌ಎಫ್ ಮಾಡಿದ್ದನ್ನು ಅಮೆರಿಕ ಸರಕಾರ ಜನಾಂಗ ಹತ್ಯೆ ಎಂದೇ ಕರೆದಿದೆ. ಆದರೆ ಒಂದು ಕಡೆ ಹೆಚ್ಚು ಕೆಟ್ಟದು ಎಂಬುದರಿಂದ ಇನ್ನೊಂದು ಕಡೆ ಒಳ್ಳೆಯದು ಎಂದಾಗುವುದಿಲ್ಲ.

ಈಗ ಅಲ್ ಫಾಶಿರ್‌ಗೆ ಬರೋಣ. 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಈ ನಗರಕ್ಕೆ ಮುತ್ತಿಗೆ ಹಾಕಿತ್ತು. ಸುತ್ತಲೂ ಮಣ್ಣಿನ ದಿಬ್ಬ ಎಬ್ಬಿಸಿ ಒಳಗೆ ಬರುವ, ಹೊರಗೆ ಹೋಗುವ ದಾರಿ ಮುಚ್ಚಿತು. ಆಹಾರ ಮುಗಿದು, ಜಾನುವಾರಿಗೆ ಹಾಕುವ ನೆಲಗಡಲೆ ಹಿಂಡಿಯನ್ನು ಮನುಷ್ಯರು ತಿಂದರು. 2025ರ ಸೆಪ್ಟೆಂಬರ್ 19ರ ಶುಕ್ರವಾರ ಸುಬ್‌ಹಿ ನಮಾಝಿನ ಹೊತ್ತಲ್ಲಿ ಮಸೀದಿಯ ಮೇಲೆ ಡ್ರೋನ್ ದಾಳಿಯಾಗಿ 70ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ 26ರಂದು ನಗರ ಆರ್‌ಎಸ್‌ಎಫ್ ಕೈಗೆ ಹೋಯಿತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರ ಹತ್ಯೆಯಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ತಪ್ಪಿಸಿಕೊಂಡವರು ಸುಮಾರು 60 ಕಿಲೋಮೀಟರ್ ದೂರದ ತವೀಲಾಕ್ಕೆ ನಡೆದುಕೊಂಡು ಹೋದರು. ದಾರಿಯಲ್ಲಿ ಗಂಡಸರನ್ನು ಬೇರೆ ಮಾಡಿ ನಿಲ್ಲಿಸಿದರು. ಎಷ್ಟೋ ಮಕ್ಕಳು ತವೀಲಾಕ್ಕೆ ಒಂಟಿಯಾಗಿ ತಲುಪಿದವು. ಅಲ್ಲಿ ಕೆಲಸಕ್ಕೆ ಹೋಗಿದ್ದ ಒಡಿಶಾದ ಒಬ್ಬ ಕಾರ್ಮಿಕ ಆರ್‌ಎಸ್‌ಎಫ್ ಸೆರೆಯಲ್ಲಿ ಕೈ ಮುಗಿದು ಬೇಡಿದ ವೀಡಿಯೊವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಹಕ್ಕಿಪಿಕ್ಕಿಗಳು ಎಣ್ಣೆ ಮಾರುತ್ತಿದ್ದ ಊರು ಇದೇ.

ಚಿನ್ನ, ಡ್ರೋನ್ ಮತ್ತು ನಮ್ಮ ಗಲ್ಫ್

ಇಷ್ಟು ವರ್ಷ ಯುದ್ಧ ನಡೆಸಲು ಹಣ ಎಲ್ಲಿಂದ? ಬಡ ದೇಶದ ಪಡೆಗೆ ಡ್ರೋನ್ ಕೊಡುವವರು ಯಾರು?

ಈ ಪ್ರಶ್ನೆ ಕೇಳಲು ನಮ್ಮ ಮನೆಗಳಿಗೆ ಸ್ವಲ್ಪ ಧೈರ್ಯ ಬೇಕು. ಸುಡಾನ್‌ನ ಚಿನ್ನದ ಬಹುಪಾಲು ಹೋಗುವುದು ಯುಎಇಗೆ. ಆರ್‌ಎಸ್‌ಎಫ್‌ಗೆ ಶಸ್ತ್ರ ಕೊಡುತ್ತಿರುವುದೂ ಯುಎಇ ಎಂದು ಸುಡಾನ್ ಸರಕಾರ ಅಂತರ್‌ರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಯುಎಇ ಆರೋಪವನ್ನು ಪೂರ್ತಿ ನಿರಾಕರಿಸಿದೆ. ಈ ಪ್ರಕರಣ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ನ್ಯಾಯಾಲಯ 2025ರ ಮೇ 5ರಂದು ಕೈಬಿಟ್ಟಿತು. ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆಯೇ ನಡೆಯಲಿಲ್ಲ. ಇನ್ನೊಂದು ಕಡೆ ಸೇನೆಗೆ ಈಜಿಪ್ಟ್‌ನ ಬೆಂಬಲ ಇದೆ, ಇರಾನ್ ಮತ್ತು ಟರ್ಕಿಯ ಡ್ರೋನ್‌ಗಳು ಅದರ ಕೈಸೇರಿವೆ. ಹೊರಗಿನವರು ಕೈ ಹಾಕದಿದ್ದರೆ ಈ ಯುದ್ಧಕ್ಕೆ ಇಷ್ಟು ಆಯುಷ್ಯ ಇರುತ್ತಿರಲಿಲ್ಲ.

2025ರ ಸೆಪ್ಟೆಂಬರ್ 12ರಂದು ಅಮೆರಿಕ, ಸೌದಿ ಅರೇಬಿಯ, ಯುಎಇ ಮತ್ತು ಈಜಿಪ್ಟ್ ಸೇರಿ ಮೂರು ತಿಂಗಳ ಕದನ ವಿರಾಮಕ್ಕೆ ಕರೆ ಕೊಟ್ಟವು. ಅಲ್ ಫಾಶಿರ್ ಹಿಡಿದ ಮೇಲೆ, ನವೆಂಬರ್ 6ರಂದು, ಆರ್‌ಎಸ್‌ಎಫ್ ಒಪ್ಪಿಗೆ ಎಂದಿತು. ಸೇನೆ ಒಪ್ಪಲಿಲ್ಲ. ಡ್ರೋನ್‌ಗಳು ಹಾರುತ್ತಲೇ ಇವೆ. 2023ರ ಮೇ ತಿಂಗಳಲ್ಲಿ ಜಿದ್ದಾದಲ್ಲಿ ನಾಗರಿಕರನ್ನು ರಕ್ಷಿಸುತ್ತೇವೆ ಎಂದು ಎರಡೂ ಕಡೆಯವರು ಸಹಿ ಹಾಕಿದ್ದರು. ಆ ಕಾಗದದ ಗತಿ ಏನಾಯಿತು ಅಂತ ಎಲ್ಲರೂ ನೋಡಿದ್ದಾರೆ.

ಗಲ್ಫ್‌ನಿಂದ ಬರುವ ಹಣದಿಂದ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುತ್ತದೆ, ಮದ್ರಸಗಳ ಮಾಡು ನಿಂತಿದೆ. ಅಲ್ಲಿ ಬೆವರು ಸುರಿಸುವ ನಮ್ಮ ಹುಡುಗರ ತಪ್ಪು ಇದರಲ್ಲಿ ಏನೂ ಇಲ್ಲ. ಅಲ್ಲಿದ್ದುಕೊಂಡು ಮಾತಾಡಿ ಅಂತ ಅವರಿಗೆ ಹೇಳುವುದೂ ಸರಿಯಲ್ಲ. ಆದರೆ ಊರಲ್ಲಿ ಕೂತಿರುವ ನಾವು ಸತ್ಯವನ್ನು ಸತ್ಯ ಅಂತ ಮಕ್ಕಳಿಗೆ ಹೇಳಬಹುದಲ್ಲ? ಕೊಂದವರು ಬೇರೆಯವರಾದರೆ ಮೆರವಣಿಗೆ, ಕೊಂದವರು ನಮ್ಮವರಾದರೆ ಮೌನ ಎಂದಾದರೆ ನಮ್ಮ ಮಕ್ಕಳು ನಮ್ಮಿಂದ ಕಲಿಯುವುದು ನ್ಯಾಯವನ್ನಲ್ಲ, ಪಕ್ಷಪಾತವನ್ನು.

ಸತ್ಯವಿಶ್ವಾಸಿಗಳ ಎರಡು ಗುಂಪು ಜಗಳಕ್ಕೆ ನಿಂತರೆ ಏನು ಮಾಡಬೇಕು ಎಂಬುದಕ್ಕೆ ಸೂರಾ ಅಲ್ ಹುಜುರಾತ್‌ನ 9ನೇ ಆಯತ್‌ನಲ್ಲಿ ದಾರಿ ಇದೆ. ಸಂಧಾನ ಮಾಡಬೇಕು, ಅತಿಕ್ರಮ ಮಾಡುವವನನ್ನು ತಡೆಯಬೇಕು, ಕೊನೆಗೆ ಆಗುವ ಸಂಧಾನವೂ ನ್ಯಾಯದ್ದಾಗಿರಬೇಕು. ಒಂದು ಕಡೆಗೆ ಶಸ್ತ್ರ ಕೊಟ್ಟು ದೂರ ನಿಂತು ನೋಡುವುದಕ್ಕೆ ಅದರಲ್ಲಿ ಎಲ್ಲೂ ಜಾಗ ಇಲ್ಲ. ಸುಮ್ಮನೆ ಕೂರುವುದಕ್ಕೂ ಇಲ್ಲ.

ಇಲ್ಲಿ ಕೂತು ಏನು ಮಾಡಬಹುದು?

ಜನರಲ್‌ಗಳು ನಮ್ಮ ಮಾತು ಕೇಳುವುದಿಲ್ಲ. ಆದರೂ ಕೈಯಲ್ಲಿ ಆಗುವ ನಾಲ್ಕು ಕೆಲಸ ಉಂಟು.

ಒಂದು, ಕೊಲೆಯ ವೀಡಿಯೊಗಳನ್ನು ಫಾರ್ವರ್ಡ್ ಮಾಡಬೇಡಿ. ಅಲ್ ಫಾಶಿರ್‌ನಲ್ಲಿ ಕೊಂದವರೇ ಮೆರೆಯಲಿಕ್ಕೆ ಅವನ್ನು ತೆಗೆದಿದ್ದಾರೆ. ನಾವು ಹಂಚಿದರೆ ಅವರ ಕೆಲಸ ಮಾಡಿಕೊಟ್ಟ ಹಾಗೆ. ಸತ್ತವನಿಗೂ ಒಂದು ಮರ್ಯಾದೆ ಇದೆ, ನೋಡುವ ಮಗುವಿಗೂ ಒಂದು ಮನಸ್ಸು ಇದೆ.

ಎರಡು, ಪಕ್ಕದ ಮನೆಯ ಸುಡಾನಿ ವಿದ್ಯಾರ್ಥಿಯನ್ನು ಮಾತಾಡಿಸಿ. ಊರಿಂದ ಹಣ ನಿಂತವರಿದ್ದಾರೆ, ಬಾಡಿಗೆ ಕಟ್ಟಲು ಆಗದವರಿದ್ದಾರೆ. ಮನೆ ಬಾಡಿಗೆಗೆ ಕೊಡುವ ನಮ್ಮವರು ವಿದೇಶಿಯರ ಬಗ್ಗೆ ಕಾನೂನು ಕೇಳುವ ಮಾಹಿತಿಯನ್ನು 24 ಗಂಟೆಯೊಳಗೆ ಸರಿಯಾಗಿ ತುಂಬಿ ಕೊಟ್ಟರೆ ಇಬ್ಬರಿಗೂ ತೊಂದರೆ ಇಲ್ಲ. ಆಫ್ರಿಕಾದವರು ಅಂದ ಕೂಡಲೇ ಬಾಗಿಲು ಹಾಕುವುದು ಮುಸ್ಲಿಂ ಮನೆಗೆ ಶೋಭೆಯಲ್ಲ. ಬಾಡಿಗೆಗೆ ಮನೆ ಕೇಳಿದಾಗ ಹೆಸರು ನೋಡಿ ಇಲ್ಲ ಅನ್ನಿಸಿಕೊಂಡ ಅನುಭವ ಈ ಬೆಂಗಳೂರಿನಲ್ಲಿ ನಮಗೇ ಆಗಿಲ್ಲವಾ?

ಮೂರು, ಝಕಾತ್‌ನ ಎಂಟು ಹಕ್ಕುದಾರರಲ್ಲಿ ಇಬ್ನುಸ್ಸಬೀಲ್ ಒಬ್ಬ. ಅಂದರೆ ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕ. ಊರಿಗೆ ಹೋಗಲಾಗದೆ, ಊರಿಂದ ಹಣ ತರಿಸಲಾಗದೆ ನಿಂತ ವಿದ್ಯಾರ್ಥಿಗೆ ಯಾವ ರೀತಿಯಲ್ಲಿ ಕೊಡಬಹುದು ಎಂದು ನಿಮ್ಮ ಜಮಾಅತ್‌ನ ಉಲಮಾಗಳನ್ನು ಕೇಳಿ ಮುಂದುವರಿಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಗೊತ್ತಿಲ್ಲದ ಕ್ಯೂಆರ್ ಕೋಡ್‌ಗೆ ಮಾತ್ರ ಹಣ ಹಾಕಬೇಡಿ.

ನಾಲ್ಕು, ಸುಡಾನ್ ಅಂದರೆ ಬರೀ ಕೊಲೆ ಅಂತ ಮಕ್ಕಳಿಗೆ ಅನಿಸಬಾರದು. ಸರಕಾರ ಇಲ್ಲದ ಊರುಗಳಲ್ಲಿ ಅಲ್ಲಿನ ಯುವಕ, ಯುವತಿಯರು 'ತುರ್ತು ಸ್ಪಂದನಾ ಕೊಠಡಿ' ಎಂಬ ಹೆಸರಿನಲ್ಲಿ ಸೇರಿಕೊಂಡು ಸಾರ್ವಜನಿಕ ಅಡುಗೆ ಮನೆಗಳನ್ನು ನಡೆಸುತ್ತಿದ್ದಾರೆ. ಹಿಂದೆ ಸೂಫಿಗಳು ನಡೆಸುತ್ತಿದ್ದ 'ತಕಾಯಾ' ಅಡುಗೆಯ ಮಾದರಿ ಅದು. ದೊಡ್ಡ ಪಾತ್ರೆಯಲ್ಲಿ ಬೇಳೆಯೋ ಗಂಜಿಯೋ ಬೇಯಿಸಿ, ಬಂದವರಿಗೆಲ್ಲ ಬಡಿಸುವುದು. ಈ ಕೆಲಸಕ್ಕೆ ಎಷ್ಟೋ ಜನ ಜೀವ ಕೊಟ್ಟಿದ್ದಾರೆ. 2025ರ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದವರಲ್ಲಿ ಅವರೂ ಇದ್ದಾರೆ. ರಸ್ತೆಗೆ ರುಮಾಲು ಅಡ್ಡ ಹಿಡಿದು ಊಟಕ್ಕೆ ಕರೆಯುತ್ತಿದ್ದ ಜನ ಇನ್ನೂ ಇದ್ದಾರೆ ಅನ್ನುವುದಕ್ಕೆ ಇದೇ ಸಾಕ್ಷಿ.

ದಾರಿಯಲ್ಲಿ ಬಿದ್ದ ಮುಳ್ಳನ್ನು ತೆಗೆದು ಬದಿಗೆ ಹಾಕುವುದೂ ಈಮಾನಿನ ಒಂದು ಭಾಗ ಎಂದು ಮದ್ರಸದ ಚಿಕ್ಕ ತರಗತಿಯಲ್ಲೇ ಕಲಿಸುತ್ತೇವೆ. ಹುಡುಗ ಮರುದಿನ ಬಂದಾಗ ಆ ಪಾಠವನ್ನೇ ನೆನಪಿಸಿದೆವು. "ಮೋನೆ, ರಸ್ತೆ ಬದಿಯಲ್ಲಿ ಬಂದೂಕು ಹಿಡಿದು ನಿಂತವರಲ್ಲಿ ನಮ್ಮವರು ಯಾರು ಅಂತ ಹುಡುಕಬೇಡ. ಆ ರಸ್ತೆ ದಾಟಲಿಕ್ಕೆ ಆಗದೆ ಮಗುವನ್ನು ಎತ್ತಿಕೊಂಡು ನಿಂತ ಉಮ್ಮ ಇದ್ದಾರಲ್ಲ, ಅವರು ನಮ್ಮವರು."

ಅವನು ಸ್ವಲ್ಪ ಹೊತ್ತು ಯೋಚಿಸಿ ಇನ್ನೊಂದು ಕೇಳಿದ: "ಹಾಗಾದ್ರೆ ಬಂದೂಕು ಹಿಡಿದವರಿಗೆ ಅದನ್ನು ಯಾರು ಹೇಳ್ತಾರೆ ಉಸ್ತಾದ್?"

ಅದಕ್ಕೆ ನಮ್ಮಲ್ಲಿ ಉತ್ತರ ಇಲ್ಲ. ಹೇಳಬೇಕಾದವರು ರಿಯಾದ್, ಅಬುಧಾಬಿ, ಕೈರೋ, ವಾಷಿಂಗ್ಟನ್‌ನಲ್ಲಿ ಇದ್ದಾರೆ. ಅವರು ಹೇಳುವವರೆಗೆ ನಮ್ಮ ದುಆದಲ್ಲಿ ಗಾಝಾದ ಹೆಸರಿನ ಪಕ್ಕ ಅಲ್ ಫಾಶಿರ್‌ನ ಹೆಸರೂ ಇರಲಿ. ಮುಂದಿನ ಜುಮುಅಕ್ಕೆ ಹಿಂದಿನ ಸಾಲಿನಲ್ಲಿ ನಿಂತ ಆ ಹುಡುಗ ಸಲಾಂ ಹೇಳಿ ಹೋಗುವ ಮೊದಲು, ಊಟ ಆಯ್ತಾ ಅಂತ ಕೇಳೋಣ.